ಕೆರೆ, ಹಕ್ಕಿ ಮತ್ತು ಕವಿಸಮಯ



ನನ್ನ ಅಧ್ಯಾಪನವೃತ್ತಿಯ ಮೊದಲ ವರ್ಷಗಳ ಒಂದು ಪ್ರಸಂಗದಿಂದ ಈ ಮಾತನ್ನು ಆರಂಭಿಸುತ್ತೇನೆ. 1990ರ ಸುಮಾರು ಇರಬೇಕು. ಮಂಡ್ಯದ ಕಡೆಯವನಾದ ನಾನು, ಆಗಿನ್ನೂ ಧಾರವಾಡ ಜಿಲ್ಲೆಗೆ ಸೇರಿದ್ದ ಗದಗಿನ ಸೀಮೆಯ ಕಾಲೇಜೊಂದರಲ್ಲಿ ಕನ್ನಡ ಕಲಿಸುತ್ತಿದ್ದೆ. ಅಂದು ನಮ್ಮ ಚಂಪೂಕಾವ್ಯಗಳ ವರ್ಣನೆಗಳನ್ನು ಕುರಿತು ಪಾಠ. ಕೊಳ, ಕೊಳದಲ್ಲಿ ತಾವರೆ, ತಾವರೆಗಳ ನಡುವೆ ಹಂಸೆ, ಇರುಳೆಲ್ಲ ಅಗಲಿದ್ದು ಕೊರಗುವ ಚಕ್ರವಾಕದ ಜೋಡಿ. "ಇವೆಲ್ಲ ಕವಿಸಮಯ. ಎಂದರೆ, ಕವಿಗಳು ಪರಂಪರೆಯಿಂದ ಒಪ್ಪಿಕೊಂಡು ಬಂದ ಕಟ್ಟಳೆ. ಇವನ್ನು ಲೋಕದಲ್ಲಿ ಹುಡುಕಹೊರಡಬಾರದು" ಎಂದು ನಾನು ವಿವರಿಸಿದೆ.

ಹಿಂದಿನ ಬೆಂಚಿನಲ್ಲಿ ಕುಳಿತಿದ್ದ ಹಳ್ಳಿಯ ಹುಡುಗನೊಬ್ಬ ಎದ್ದು ನಿಂತ. "ಸರ್, ಹಂಸ ಅಂದ್ರ ಚಳಿಗಾಲಕ್ಕ ನಮ್ಮೂರ ಕೆರಿಗೆ ಬರೂ ಬಾತು ಏನ್ರಿ?" ಎಂದು ಕೇಳಿದ. ತರಗತಿ ಗೊಳ್ಳೆಂದು ನಕ್ಕಿತು. ಹೇಳಲು ಸಂಕೋಚವಾಗುತ್ತದೆ, ನಾನೂ ನಕ್ಕೆ. "ಕವಿಯ ಹಂಸೆಗೂ ನಿಮ್ಮೂರ ಬಾತಿಗೂ ಏನಪ್ಪ ಸಂಬಂಧ?" ಎಂದೆ. ಆತ ಕುಳಿತುಕೊಂಡ. ಆ ವರ್ಷವೆಲ್ಲ ಮತ್ತೊಂದು ಪ್ರಶ್ನೆಯನ್ನು ಆತ ಕೇಳಿದ್ದು ನನಗೆ ನೆನಪಿಲ್ಲ.

ನಾನು ನಿವೃತ್ತನಾದುದು 2019ರಲ್ಲಿ. ಅದಾದ ಮೂರು ವರ್ಷಗಳ ಮೇಲೆ, ಒಂದು ಜನವರಿಯಲ್ಲಿ, ಗದಗದಲ್ಲಿ ಮದುವೆಗೆಂದು ಹೋದವನು ಮಿತ್ರರೊಬ್ಬರ ಒತ್ತಾಯಕ್ಕೆ ಶಿರಹಟ್ಟಿ ತಾಲ್ಲೂಕಿನ ಮಾಗಡಿ ಎಂಬ ಊರಿನ ಕೆರೆಗೆ ಹೋದೆ. ಬೆಳಗಿನ ಎಂಟು ಗಂಟೆ ಇರಬಹುದು. ಏರಿಯ ಮೇಲೆ ಹತ್ತಿ ನಿಂತೊಡನೆ ನನಗೆ ಮೊದಲು ಅನುಭವಕ್ಕೆ ಬಂದುದು ಸದ್ದು. ಜಾತ್ರೆಯ ಬಯಲಿನಲ್ಲಿ ಕೇಳುವಂಥ, ಬಿಡಿ ದನಿ ಯಾವುದೆಂದು ತಿಳಿಯದ ಗದ್ದಲ. ಆಮೇಲೆ ಕಣ್ಣಿಗೆ ಬಿದ್ದದ್ದು ನೀರಿನ ಮೇಲೆ ಹಾಸಿದಂತಿದ್ದ ಬೂದುಬಿಳಿಯ ಹಕ್ಕಿಗಳ ಹಿಂಡು. ದೊಡ್ಡ ಬಾತುಗಳು. ಬೆಳ್ಳನೆಯ ತಲೆ, ತಲೆಯ ಹಿಂಬದಿಗೆ ಕಾಡಿಗೆಯಿಂದ ಎಳೆದಂತೆ ಎರಡು ಕಪ್ಪು ಪಟ್ಟೆ, ಹಳದಿ ಕೊಕ್ಕು, ನೀಳವಾದ ಕೊರಳು. ಪಟ್ಟೆತಲೆಯ ಹೆಬ್ಬಾತು ಎಂದು ಇವನ್ನು ಕರೆಯುತ್ತಾರೆ. ಟಿಬೆಟ್ಟಿನ, ಮಂಗೋಲಿಯಾದ ಎತ್ತರದ ಸರೋವರಗಳಲ್ಲಿ ಮರಿಮಾಡಿ, ಚಳಿಗಾಲಕ್ಕೆ ಹಿಮಾಲಯವನ್ನು ದಾಟಿ ಬರುತ್ತವೆ. 7,000 ಮೀಟರಿಗೂ ಮೇಲೆ ಇವು ಹಾರಿದ್ದು ದಾಖಲಾಗಿದೆ. ಮಂಗೋಲಿಯಾದಲ್ಲಿ ವಿಜ್ಞಾನಿಗಳು ಕೊರಳಪಟ್ಟಿ ತೊಡಿಸಿ ಬಿಟ್ಟ ಹೆಬ್ಬಾತುಗಳು ನಮ್ಮ ಕರ್ನಾಟಕದ ಕೆರೆಗಳಲ್ಲಿ ಕಾಣಿಸಿಕೊಂಡಿವೆ.

ಹಂಸ ಎಂದು ನಮ್ಮ ಪ್ರಾಚೀನರು ಕರೆದದ್ದು ಹೆಬ್ಬಾತಿನ ಜಾತಿಯನ್ನೇ ಎಂದು ಹಲವು ವಿದ್ವಾಂಸರು ಬಹಳ ಹಿಂದೆಯೇ ಹೇಳಿದ್ದಾರೆ. ಪುಸ್ತಕದಲ್ಲಿ ಅದನ್ನು ಓದಿದ್ದೆ, ಮರೆತಿದ್ದೆ. ಹಂಸಗಳು ಮಳೆಗಾಲಕ್ಕೆ ಮಾನಸ ಸರೋವರಕ್ಕೆ ಹೊರಟುಹೋಗುತ್ತವೆಂಬ ಕವಿಸಮಯವನ್ನು ಎಷ್ಟು ಸಲ ಬೋಧಿಸಿಲ್ಲ! ಈ ಹಕ್ಕಿಗಳು ನಮ್ಮಲ್ಲಿಂದ ಮಳೆಗಾಲಕ್ಕೆ ಬಹಳ ಮೊದಲೇ, ಚಳಿ ಮುಗಿಯುತ್ತಿದ್ದಂತೆಯೇ ಹೊರಡುತ್ತವೆ. ಹೋಗುವುದು ಮಾತ್ರ ಆ ಎತ್ತರದ ಸರೋವರಗಳ ಕಡೆಗೇ. ಕವಿಗಳು ತಿಂಗಳನ್ನು ತುಸು ಹಿಂದುಮುಂದು ಮಾಡಿದ್ದರು, ದಿಕ್ಕನ್ನು ತಪ್ಪಿಸಿರಲಿಲ್ಲ. ಚಕ್ರವಾಕವೂ ಅಷ್ಟೆ. ಕಾವಿಬಣ್ಣದ ಈ ಬಾತು ಇಂದಿಗೂ ಚಳಿಗಾಲದಲ್ಲಿ ನಮ್ಮ ಬಯಲುಸೀಮೆಯ ಕೆರೆಗಳಿಗೆ ಬರುತ್ತದೆ. ಒಂದನ್ನೊಂದು ಕರೆಯುವ ಅದರ ಗಟ್ಟಿದನಿಯನ್ನು ಕತ್ತಲಲ್ಲಿ ಕೇಳಿದ ಯಾರೋ ಒಬ್ಬ ಹಳಬ ಆ ವಿರಹದ ಕತೆಯನ್ನು ಕಟ್ಟಿರಬೇಕು. ನಾನು ಕಟ್ಟಳೆಯೆಂದು ತಿಳಿದದ್ದರ ಬುಡದಲ್ಲಿ ಕಂಡ ಕಣ್ಣು, ಕೇಳಿದ ಕಿವಿ ಇತ್ತು. ಹಿಂದಿನ ಬೆಂಚಿನ ಹುಡುಗನಿಗೆ ಗೊತ್ತಿದ್ದುದು ಎಂ.ಎ. ಮಾಡಿದ್ದ ನನಗೆ ಗೊತ್ತಿರಲಿಲ್ಲ.

ಮಾಗಡಿಗೆ ಲಕ್ಷ್ಮೇಶ್ವರ ದೂರವಲ್ಲ. ಲಕ್ಷ್ಮೇಶ್ವರವೆಂದರೆ ಹಳೆಯ ಪುಲಿಗೆರೆ. ಪಂಪನು ತನ್ನ ಕಾವ್ಯದ ಕನ್ನಡಕ್ಕೆ ಯಾವ ಊರಿನ ತಿರುಳನ್ನು ಹೇಳಿಕೊಂಡನೋ ಆ ಊರು. ಹೆಸರನ್ನು ಬಿಡಿಸಿ ನೋಡಿ: ಪುಲಿ ಮತ್ತು ಕೆರೆ. ಕಾಡಿನ ಮೃಗವೂ ಊರಿನ ನೀರೂ ಒಂದೇ ಪದದಲ್ಲಿ ಸಂಧಿಯಾಗಿ ಕುಳಿತಿವೆ. ನಮ್ಮ ನಾಡಿನ ವನ್ಯಸಂಪತ್ತಿನ ಸ್ವರೂಪವನ್ನು ಇದಕ್ಕಿಂತ ಚೆನ್ನಾಗಿ ಹೇಳುವ ಮಾತು ನನಗೆ ಸಿಕ್ಕಿಲ್ಲ. ಕಾಡು ಎಂದೊಡನೆ ನಾವು ಘಟ್ಟದ ಕಡೆ ಬೆರಳು ತೋರಿಸುತ್ತೇವೆ. ಬಯಲುಸೀಮೆಯವರಿಗೆ ಕಾಡು ಎಲ್ಲಿಯದು? ಅವರಿಗೆ ಕಾಡು ಬಂದು ಸೇರುತ್ತಿದ್ದುದು ಕೆರೆಯಲ್ಲಿ. ಮನುಷ್ಯ ತನ್ನ ಭತ್ತಕ್ಕೆಂದು, ದನಕ್ಕೆಂದು ಏರಿ ಕಟ್ಟಿ ನೀರು ನಿಲ್ಲಿಸಿದ. ನೀರು ನಿಂತ ಮೇಲೆ ಜೊಂಡು ಬೆಳೆಯಿತು, ಮೀನು ಬಂತು, ನೀರುಕೋಳಿ ಬಂತು, ನೀರುನಾಯಿಯೂ ಬಂತು. ಇವನ್ನು ಯಾರೂ ಕರೆದಿರಲಿಲ್ಲ. ಬಂದ ಮೇಲೆ ಯಾರೂ ಹೊರಗಟ್ಟಲೂ ಇಲ್ಲ.

ಈ ಬಗೆಯ ನೆಲೆಗಳಿಗೆಲ್ಲ ಸೇರಿಸಿ ಇಂಗ್ಲಿಷಿನಲ್ಲಿ ವೆಟ್‌ಲ್ಯಾಂಡ್ ಎನ್ನುತ್ತಾರೆ. ನಾವು ಜೌಗುಭೂಮಿ ಎಂದು ಅನುವಾದಿಸಿಕೊಂಡಿದ್ದೇವೆ. ಆದರೆ ಕನ್ನಡ ರೈತನ ಬಾಯಲ್ಲಿ ಜೌಗು ಎಂದರೆ ಕೆಟ್ಟ ಹೊಲ. ನೀರು ಬಸಿಯದೆ ಬೇರು ಕೊಳೆಯುವ ನೆಲ. ಅಂಥದನ್ನು ಉಳಿಸಿರೆಂದರೆ ಆತ ನಗದೆ ಏನು ಮಾಡಿಯಾನು? ಒಂದು ಪದಕ್ಕೆ ಒಂದು ಪದ ಹುಡುಕುವ ಅವಸರದಲ್ಲಿ ನಾವು ನಮ್ಮ ಹತ್ತು ಪದಗಳನ್ನು ಮರೆತೆವು. ಕೆರೆ, ಕಟ್ಟೆ, ಕುಂಟೆ, ಹೊಂಡ, ಮಡು. ಮಲೆನಾಡಿನ ಕಣಿವೆಯ ಹಡ್ಲು. ಸಿದ್ಧಾಪುರದ ಕತ್ತಲೆಕಾನಿನಲ್ಲಿ ಮೊಣಕಾಲು ಮಡಿಸಿದಂತೆ ಬೇರುಗಳನ್ನು ನೀರಿನಿಂದ ಮೇಲೆತ್ತಿ ನಿಂತ ಮರಗಳ ರಾಮಪತ್ರೆ ಜಡ್ಡಿ. ಕುಮಟೆಯ ಬಳಿ ಅಘನಾಶಿನಿಯು ಕಡಲನ್ನು ಸೇರುವ ಅಳಿವೆ. ಅದರ ಅಂಚಿನಲ್ಲಿ ಉಪ್ಪುನೀರನ್ನು ಸಹಿಸಿ ಬೆಳೆಯುವ ಕಗ್ಗದ ಗಜನಿ ಗದ್ದೆಗಳು. ಒಂದೊಂದು ಹೆಸರೂ ಒಂದೊಂದು ಬಗೆಯ ನೀರನ್ನು, ಒಂದೊಂದು ಬಗೆಯ ಬಾಳನ್ನು ಬಲ್ಲದು.

ಇರಾನ್ ದೇಶದ ಕ್ಯಾಸ್ಪಿಯನ್ ಕಡಲ ತೀರದಲ್ಲಿ ರಾಮ್ಸಾರ್ ಎಂಬ ಊರಿದೆ. 1971ರ ಫೆಬ್ರವರಿ 2ರಂದು ಅಲ್ಲಿ ಹಲವು ದೇಶಗಳವರು ಸೇರಿ ಇಂಥ ನೆಲೆಗಳ ರಕ್ಷಣೆಗಾಗಿ ಒಂದು ಒಪ್ಪಂದ ಮಾಡಿಕೊಂಡರು. ಭಾರತ ಅದಕ್ಕೆ ಸೇರಿದ್ದು 1982ರಲ್ಲಿ. ಕರ್ನಾಟಕದಿಂದ ಆ ಪಟ್ಟಿಗೆ ಮೊದಲು ಸೇರಿದ ಸ್ಥಳ ಶ್ರೀರಂಗಪಟ್ಟಣದ ಬಳಿಯ ರಂಗನತಿಟ್ಟು, 2022ರಲ್ಲಿ. 2024ರಲ್ಲಿ ಮಾಗಡಿ ಕೆರೆ, ವಿಜಯನಗರ ಜಿಲ್ಲೆಯ ಅಂಕಸಮುದ್ರ ಕೆರೆ ಮತ್ತು ಅಘನಾಶಿನಿ ಅಳಿವೆ ಸೇರಿದವು. ಈ ನಾಲ್ಕರಲ್ಲಿ ಎರಡು, ರೈತರಿಗಾಗಿ ಕಟ್ಟಿದ ಕೆರೆಗಳು. ರಂಗನತಿಟ್ಟಿನ ದ್ವೀಪಗಳೂ ಕಾವೇರಿಗೆ 17ನೆಯ ಶತಮಾನದಲ್ಲಿ ಒಡೆಯರ ಕಾಲದಲ್ಲಿ ಹಾಕಿದ ಕಟ್ಟೆಯಿಂದ ಉಂಟಾದವು. ಪಕ್ಷಿತಜ್ಞ ಸಲೀಂ ಅಲಿಯವರ ಸಲಹೆಯ ಮೇಲೆ ಮೈಸೂರು ಸಂಸ್ಥಾನ 1940ರಲ್ಲಿ ಅದನ್ನು ಪಕ್ಷಿಧಾಮವಾಗಿಸಿತು. ಮನುಷ್ಯನ ಕೈ ಸೋಕದ ನೆಲೆಯಷ್ಟೇ ಪ್ರಕೃತಿ ಎಂಬ ಭಾವನೆ ನಮ್ಮ ನಾಡಿಗೆ ಹೊಂದುವುದಿಲ್ಲ.

ಆದರೆ ಕಾನೂನಿನ ಮಾತೇ ಬೇರೆ. ಜೌಗುಭೂಮಿಗಳ ರಕ್ಷಣೆಗೆಂದು ಕೇಂದ್ರ ಸರ್ಕಾರ 2010ರಲ್ಲಿ ನಿಯಮಗಳನ್ನು ಮಾಡಿತು. 2017ರಲ್ಲಿ ಅವುಗಳ ಬದಲಿಗೆ ಹೊಸ ನಿಯಮಗಳನ್ನು ತಂದಿತು. ಭಾಷೆಯ ವಿದ್ಯಾರ್ಥಿಯಾದ ನಾನು ಕುತೂಹಲದಿಂದ ಅದರ ನಿರ್ವಚನವನ್ನು ಓದಿದೆ. ನದಿಯ ಪಾತ್ರ, ಭತ್ತದ ಗದ್ದೆ, ಕುಡಿಯುವ ನೀರಿಗಾಗಿ ಮನುಷ್ಯ ನಿರ್ಮಿಸಿದ ಕೆರೆ, ನೀರಾವರಿಗಾಗಿ ಕಟ್ಟಿದ ರಚನೆ, ಇವು ಜೌಗುಭೂಮಿಗಳಲ್ಲ ಎಂದು ಅದರಲ್ಲಿದೆ. ಅದೇ ವರ್ಷ, 2.25 ಹೆಕ್ಟೇರಿಗಿಂತ ದೊಡ್ಡದಾದ 2,01,503 ಜೌಗುಭೂಮಿಗಳನ್ನು ಕಾಪಾಡಬೇಕೆಂದು ಸುಪ್ರೀಂ ಕೋರ್ಟು ಆದೇಶಿಸಿತ್ತೆಂಬುದು ಸಮಾಧಾನದ ಸಂಗತಿ. ಆದರೂ ಸಾವಿರಾರು ಕೆರೆಗಳ ನಾಡಾದ ನಮಗೆ ಆ ಒಂದು ವಾಕ್ಯ ಸಣ್ಣದಲ್ಲ. ಮಾಗಡಿಯಂತೆ ಅಂತಾರಾಷ್ಟ್ರೀಯ ಪಟ್ಟಿಗೆ ಸೇರಿದ ಕೆರೆಗೆ ರಕ್ಷೆಯುಂಟು. ಅದರ ಪಕ್ಕದೂರಿನ ಕೆರೆಗೆ? ಹೆಬ್ಬಾತುಗಳು ನಿರ್ವಚನವನ್ನು ಓದಿ ಇಳಿಯುವುದಿಲ್ಲವಷ್ಟೆ.

ನಮ್ಮ ಹಿರಿಯರು ಕೆರೆಯ ವಿಷಯದಲ್ಲಿ ಇಂಥ ಉದಾಸೀನ ತೋರಿದವರಲ್ಲ. ಕದಂಬ ಕಾಕುಸ್ಥವರ್ಮನು ಕೆರೆ ಕಟ್ಟಿಸಿದ್ದನ್ನು ತಾಳಗುಂದದ ಸ್ತಂಭಶಾಸನ ಸ್ತುತಿಸುತ್ತದೆ. ಏರಿಯ ದುರಸ್ತಿಗೆಂದು ಬಿತ್ತುವಟ್ಟ, ಕೆರೆಗೊಡಗೆ ಎಂಬ ದತ್ತಿಗಳನ್ನು ಬಿಟ್ಟ ಶಾಸನಗಳು ಊರೂರಿನಲ್ಲಿವೆ. ಆಂಧ್ರದ ಪೋರುಮಾಮಿಳ್ಳದಲ್ಲಿ ವಿಜಯನಗರದ ರಾಜಕುಮಾರ ಭಾಸ್ಕರನು ಕಟ್ಟಿಸಿದ ಕೆರೆಯ 1369ರ ಸಂಸ್ಕೃತ ಶಾಸನವಂತೂ ಒಂದು ಪುಟ್ಟ ಶಾಸ್ತ್ರಗ್ರಂಥ. ಒಳ್ಳೆಯ ಕೆರೆಗೆ ಹನ್ನೆರಡು ಅಂಗಗಳು, ಆರು ದೋಷಗಳು ಎಂದು ಅದು ಎಣಿಸುತ್ತದೆ. ಧರ್ಮಿಷ್ಠನಾದ ಅರಸು, ನೀರಿನ ಶಾಸ್ತ್ರ ಬಲ್ಲವನು, ಗಟ್ಟಿಯಾದ ನೆಲ, ಕೆಲಸ ಬಲ್ಲ ಜನ ಇವು ಅಂಗಗಳಲ್ಲಿ ಕೆಲವು. ಏರಿ ಒಸರುವುದು, ಮಣ್ಣು ಚೌಳಾಗಿರುವುದು, ಎರಡು ರಾಜ್ಯಗಳ ಗಡಿಯಲ್ಲಿರುವುದು, ನಡುವೆ ದಿಣ್ಣೆಯಿರುವುದು, ನೀರಿಗೆ ತಕ್ಕ ಭೂಮಿಯಿಲ್ಲದಿರುವುದು, ಭೂಮಿಗೆ ತಕ್ಕ ನೀರಿಲ್ಲದಿರುವುದು ಇವು ದೋಷಗಳು. ಏಳನೆಯ ದೋಷವೊಂದನ್ನು ಆ ಶಾಸನಕವಿ ಊಹಿಸಿರಲಿಲ್ಲ. ಕೆರೆಯ ಅಂಗಳವನ್ನು ಅಳತೆ ಮಾಡಿ, ಕಲ್ಲು ನೆಟ್ಟು, ನಿವೇಶನವೆಂದು ಮಾರುವುದು.

ಇಲ್ಲಿ ನಾನು ಒಂದು ತಪ್ಪೊಪ್ಪಿಗೆಯನ್ನು ಮಾಡಬೇಕಾಗಿದೆ. ನಾನು ವಾಸವಾಗಿರುವ ಮನೆ ಒಂದು ಕೆರೆಯಂಗಳದಲ್ಲಿದೆ.

1998ರಲ್ಲಿ ನಮ್ಮ ಸೀಮೆಗೆ ಮರಳಿ ವರ್ಗವಾದಾಗ, ಪಟ್ಟಣದ ಹೊರವಲಯದಲ್ಲಿ ಅಗ್ಗದ ಬೆಲೆಗೆ ದೊರೆತ ನಿವೇಶನವೊಂದನ್ನು ಕೊಂಡೆ. ಕಾಗದಪತ್ರಗಳು ಸರಿಯಾಗಿದ್ದವು. ಬಡಾವಣೆಯ ಒಂದು ಬದಿಗೆ ಉದ್ದನೆಯ ಮಣ್ಣಿನ ದಿಬ್ಬವಿತ್ತು. ಅದರ ಮೇಲೆ ಸಾಲಾಗಿ ಹಳೆಯ ಮರಗಳಿದ್ದವು. ಅದು ಏನೆಂದು ನಾನು ಕೇಳಲಿಲ್ಲ. ಗೃಹಪ್ರವೇಶದ ದಿನ ಹಾಲು ತಂದ ಮುದುಕರೊಬ್ಬರು ಹಜಾರದಲ್ಲಿ ನಿಂತು, "ಇಲ್ಲೇ ಕಣ್ ಮೇಷ್ಟ್ರೇ, ನಾವು ಎಮ್ಮೆ ಮೈ ತೊಳೀತಿದ್ದದ್ದು" ಎಂದರು. ಅಂದೂ ನಕ್ಕೆ. ನಗುವುದು ನನಗೆ ಸುಲಭವಾಗಿ ಬರುತ್ತಿತ್ತೆಂದು ಕಾಣುತ್ತದೆ.

2022ರ ಮಳೆಗಾಲದಲ್ಲಿ ಒಂದು ರಾತ್ರಿ ನೀರು ಮನೆಯೊಳಗೆ ಬಂತು. ಮೇಲಿನ ಕೆರೆ ಕೋಡಿ ಬಿದ್ದಿತ್ತು. ಆ ನೀರಿಗೆ ತನ್ನ ದಾರಿ ಗೊತ್ತಿತ್ತು. ನಾವು ಮನೆ ಕಟ್ಟಿದ ಸಂಗತಿ ಗೊತ್ತಿರಲಿಲ್ಲ. ನಾನೂ ನನ್ನಾಕೆಯೂ ಮಂಚದ ಮೇಲೆ ಕುಳಿತು ಬೆಳಗು ಮಾಡಿದೆವು. ನೀರು ಇಳಿದ ಮೇಲೆ ನೋಡಿದರೆ ಪುಸ್ತಕದ ಬೀರುವಿನ ಕೆಳಗಿನ ಎರಡು ಅಂತಸ್ತು ಕೆಸರಾಗಿದ್ದವು. ಅಲ್ಲಿದ್ದುದು ನನ್ನ ಹಳಗನ್ನಡ ಕಾವ್ಯಗಳು. ಪುಟಗಳನ್ನು ಒಂದೊಂದಾಗಿ ಬಿಡಿಸಿ ಬಿಸಿಲಿಗೆ ಹರವುತ್ತಿದ್ದಾಗ, ನಾನು ವಿದ್ಯಾರ್ಥಿಗಳಿಗೆ ಓದಿ ಹೇಳಿದ್ದ ಕೊಳದ ವರ್ಣನೆಗಳ ಮೇಲೆ ನಿಜವಾದ ಕೆರೆಯ ಮಣ್ಣು ಅಂಟಿತ್ತು. ಅಧಿಕಾರಿಗಳಿಗೆ ದೂರು ಬರೆಯಲು ಕುಳಿತೆ. ಎರಡು ವಾಕ್ಯ ಬರೆದು ನಿಲ್ಲಿಸಿದೆ. ಯಾರ ಮೇಲೆ ಬರೆಯುವುದು? ಮಾರಿದವರು ತಪ್ಪು ಮಾಡಿದರು, ಒಪ್ಪಿಗೆಯಿತ್ತವರು ತಪ್ಪು ಮಾಡಿದರು, ನಿಜ. ಆದರೆ ಕ್ರಯಪತ್ರದಲ್ಲಿ ಕೊಂಡವನ ರುಜು ನನ್ನದು.

ಇದು ನನ್ನೊಬ್ಬನ ಕತೆಯಲ್ಲ. ಬೆಂಗಳೂರಿನ ಧರ್ಮಾಂಬುಧಿ ಕೆರೆ ಬಸ್ಸಿನ ನಿಲ್ದಾಣವಾಯಿತು. ಸಂಪಂಗಿ ಕೆರೆಯ ಜಾಗದಲ್ಲಿ ಕ್ರೀಡಾಂಗಣವೆದ್ದಿತು. ಉಳಿದ ಬೆಳ್ಳಂದೂರು ಕೆರೆಗೆ ನಗರದ ಕೊಳಚೆಯನ್ನೆಲ್ಲ ಹರಿಸಿದೆವು. 2017ರಲ್ಲಿ ಆ ಕೆರೆಗೆ ಬೆಂಕಿ ಬಿತ್ತು. ನೀರಿಗೆ ಬೆಂಕಿ ಬೀಳುವುದು ಯಾವ ಕವಿಸಮಯದಲ್ಲಿಯೂ ಇಲ್ಲ.

ಕೆರೆಯೆಂದರೆ ನೀರು ತುಂಬಿದ ಪಾತ್ರೆಯೆಂದಷ್ಟೇ ತಿಳಿದುದರ ಫಲ ಇದು. ಒಂದು ಕೆರೆಯ ಕೋಡಿ ಮುಂದಿನ ಕೆರೆಯ ಬಾಯಿ. ಮೇಲಿನದರಲ್ಲಿ ಹೂಳು ನಿಂತು ಕೆಳಗಿನದಕ್ಕೆ ತಿಳಿನೀರು ಇಳಿಯುತ್ತದೆ. ಜೊಂಡು, ಆಪು ಬೆಳೆದ ಅಂಚಿನಲ್ಲಿ ನೀರು ನಿಧಾನವಾಗಿ ಚಲಿಸಿ ತನ್ನ ಕಶ್ಮಲವನ್ನು ಬಿಡುತ್ತದೆ. ತಳದಲ್ಲಿ ಇಂಗಿದ್ದು ಏರಿಯ ಕೆಳಗಿನ ಬಾವಿಗಳಲ್ಲಿ ಬೇಸಿಗೆಯಲ್ಲಿ ಕಾಣಿಸಿಕೊಳ್ಳುತ್ತದೆ. ನೀರು ಹಿಂದೆ ಸರಿದಂತೆ ಹೊರಬೀಳುವ ಕೆಸರಿನಲ್ಲಿ ದನಕ್ಕೆ ಹುಲ್ಲು, ಹೊಲಕ್ಕೆ ಗೋಡುಮಣ್ಣು, ಉದ್ದಕಾಲಿನ ಹಕ್ಕಿಗಳಿಗೆ ಹುಳುಹುಪ್ಪಟೆ. ಈಚೆಗೆ ಕೆರೆಗಳ ಸೌಂದರ್ಯೀಕರಣವೆಂಬ ಕೆಲಸ ನಡೆಯುತ್ತಿದೆ. ಅಂಚನ್ನೆಲ್ಲ ಕೊರೆದು ಬಾಣಲೆಯಂತೆ ಆಳ ಮಾಡಿ, ಸುತ್ತ ಕಲ್ಲು ಕಟ್ಟಿ, ನಡೆದಾಡಲು ಹಾದಿ ಹಾಕುತ್ತಾರೆ. ನಡೆಯುವವರಿಗೆ ಅನುಕೂಲವೇ, ಆದರೆ ಮೊಣಕಾಲುದ್ದದ ನೀರಿನಲ್ಲಿ ನಿಂತು ಮೇಯುವ ಕೊಕ್ಕರೆಗೆ ಅಲ್ಲಿ ಕಾಲೂರಲು ತಾವಿಲ್ಲ.

ಹಕ್ಕಿಯ ಮೇಲೆ ಪ್ರೀತಿಯಿದ್ದರೂ ಇಷ್ಟನ್ನು ಮರೆತರೆ ಏನಾಗುತ್ತದೆಂಬುದಕ್ಕೆ ನಮ್ಮ ಜಿಲ್ಲೆಯ ಕೊಕ್ಕರೆ ಬೆಳ್ಳೂರೇ ಸಾಕ್ಷಿ. ಮದ್ದೂರು ತಾಲ್ಲೂಕಿನ ಈ ಹಳ್ಳಿಯಲ್ಲಿ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಊರೊಳಗಿನ ಹುಣಸೆ, ಅತ್ತಿ, ಅರಳಿಯ ಮರಗಳಲ್ಲಿ ಗೂಡು ಕಟ್ಟುತ್ತವೆ. 19ನೆಯ ಶತಮಾನದಲ್ಲಿಯೇ ಜೆರ್ಡನ್ ಎಂಬ ಆಂಗ್ಲ ಪಕ್ಷಿಶಾಸ್ತ್ರಜ್ಞ ಈ ಹೆಜ್ಜಾರ್ಲೆಗಳ ವಿಷಯ ಬರೆದಿದ್ದಾನೆ. ಹಿಂದೆ ಪ್ಲೇಗು ಬಂದು ಊರು ಶಿಂಷಾ ನದಿಯ ದಡದಿಂದ ಈಗಿನ ಜಾಗಕ್ಕೆ ಬಂದಾಗ, ಹಕ್ಕಿಗಳೂ ಹಿಂದೆಯೇ ಬಂದವೆಂದು ಹಿರಿಯರು ಹೇಳುತ್ತಾರೆ. ಬಾಣಂತನಕ್ಕೆ ತವರಿಗೆ ಬಂದ ಮಗಳೆಂದು ಆ ಊರಿನವರು ಅವನ್ನು ಭಾವಿಸುವರು. ಗೂಡಿನಿಂದ ಬಿದ್ದ ಮರಿಗಳನ್ನು ಸಾಕಲು ಊರ ತರುಣರು ಹೆಜ್ಜಾರ್ಲೆ ಬಳಗವನ್ನು ಕಟ್ಟಿಕೊಂಡರು. 2007ರಲ್ಲಿ ಸರ್ಕಾರ ಆ ಊರನ್ನು ಸಮುದಾಯ ಮೀಸಲು ಪ್ರದೇಶವೆಂದು ಘೋಷಿಸಿತು. ಇಷ್ಟಾದರೂ 2017ರ ಕೊನೆಯಿಂದ ಮುಂದಿನ ವರ್ಷದವರೆಗೆ ಹೆಜ್ಜಾರ್ಲೆಗಳು ಒಂದೊಂದಾಗಿ ಮರದಿಂದ ಬಿದ್ದು ಸತ್ತವು. ಪರೀಕ್ಷಿಸಿದಾಗ ಅವುಗಳ ಹೊಟ್ಟೆಯಲ್ಲಿ ಜಂತುಹುಳುಗಳು ಸಿಕ್ಕವು. ತಿಂದ ಮೀನಿನಿಂದ ಬಂದವು.

ಮನೆಯಲ್ಲಿ ಮಗಳಿಗೆ ಹಾಸಿಗೆ ಹಾಸಿದ್ದೆವು, ಊಟವೆಲ್ಲಿಂದ ಬರುತ್ತದೆಂದು ನೋಡಿರಲಿಲ್ಲ. ಹೆಜ್ಜಾರ್ಲೆ ಗೂಡು ಕಟ್ಟುವುದು ಬೆಳ್ಳೂರಿನ ಹುಣಸೆಮರದಲ್ಲಿ; ಮೀನು ಹಿಡಿಯುವುದು ಮದ್ದೂರು, ತೈಲೂರಿನ ಕೆರೆಗಳಲ್ಲಿ, ಇನ್ನೂ ದೂರದ ಕೆರೆಗಳಲ್ಲಿ. ಮರಕ್ಕೆ ಪರಿಹಾರಧನವುಂಟು, ಊರಿಗೆ ಹೆಸರುಂಟು. ಆ ಕೆರೆಗಳ ನೀರು ಹೇಗಿದೆ ಎಂದು ಕೇಳುವವರು ಯಾರು?

ಹಾಗೆಂದು ಹಕ್ಕಿಯ ಭಾರವನ್ನೆಲ್ಲ ಹಳ್ಳಿಯವರ ಹೆಗಲಿಗೆ ಹಾಕಿ ಪಟ್ಟಣಿಗರಾದ ನಾವು ಸಂತೋಷಪಡುವುದು ನ್ಯಾಯವಲ್ಲ. ಮಾಗಡಿಯ ಏರಿಯ ಮೇಲೆ ಸಿಕ್ಕ ರೈತರೊಬ್ಬರನ್ನು ನಾನು ಮಾತಾಡಿಸಿದೆ. ಹೆಬ್ಬಾತುಗಳು ಹಗಲು ಕೆರೆಯಲ್ಲಿ ವಿಶ್ರಮಿಸಿ ಕತ್ತಲಾಗುತ್ತಲೇ ಹೊಲಗಳಿಗೆ ಇಳಿಯುತ್ತವೆ. ಎಳೆಯ ಪೈರು, ಕಡಲೆ, ಶೇಂಗಾ ಮೇಯುತ್ತವೆ. "ಒಂದೊಂದ್ ವರ್ಷ ಎರಡೆರಡು ಸಲ ಬಿತ್ತಬೇಕಾಗ್ತದ್ರಿ. ನೋಡಾಕ ಬಂದವ್ರು ಫೋಟೊ ತಗೊಂಡ್ ಹೋಗ್ತಾರ" ಎಂದರು ಅವರು. ದನಿಯಲ್ಲಿ ಸಿಟ್ಟಿರಲಿಲ್ಲ, ಲೆಕ್ಕವಿತ್ತು. ಹಿಂದೆ ಏರಿಯ ಖರ್ಚಿಗೆ ಬಿತ್ತುವಟ್ಟವೆಂದು ಭೂಮಿ ಬಿಡುತ್ತಿದ್ದರಲ್ಲ, ಹಾಗೆ ಹಕ್ಕಿ ಮೇಯ್ದ ಹೊಲದ ಖರ್ಚನ್ನು ಕಾಲಕ್ಕೆ ಸರಿಯಾಗಿ ಕೊಡುವ ಏರ್ಪಾಡಾಗಬೇಕು. ಹಕ್ಕಿ ನಾಡಿನ ಆಸ್ತಿಯಾದರೆ ಅದರ ಊಟದ ಹೊಣೆಯೂ ನಾಡಿನದೇ.

ಇನ್ನೊಂದು ಮಾತು ಅಧ್ಯಾಪಕ ಬಂಧುಗಳಿಗೆ. ಕಾವ್ಯದಲ್ಲಿ ಕೊಳದ ವರ್ಣನೆ ಬಂದಾಗ ಮಕ್ಕಳನ್ನು ಒಮ್ಮೆ ಹತ್ತಿರದ ಕೆರೆಗೆ ಕರೆದುಕೊಂಡು ಹೋಗಿ. ತೂಬು ಯಾವುದು, ಕೋಡಿ ಯಾವುದು, ಜೊಂಡು ಯಾವುದು, ನೈದಿಲೆಗೂ ತಾವರೆಗೂ ಏನು ವ್ಯತ್ಯಾಸ ಎಂದು ತೋರಿಸಿ. ಹೆಸರು ಮರೆತ ವಸ್ತುವನ್ನು ಮಾರುವುದು ಸುಲಭ. ನಮ್ಮ ಬಡಾವಣೆಯ ಆ ದಿಬ್ಬಕ್ಕೆ ಏರಿ ಎಂಬ ಹೆಸರಿದೆಯೆಂದು ನಾನು ಅಂದು ಅರಿತಿದ್ದರೆ, ಬಹುಶಃ ನನ್ನ ಕೈ ರುಜು ಹಾಕುವ ಮೊದಲು ಒಂದು ಗಳಿಗೆ ತಡೆಯುತ್ತಿತ್ತು.

ನನ್ನ ಮನೆಯನ್ನು ಕೆಡವಿ ಕೆರೆಯನ್ನು ಮರಳಿ ತರುವ ಶಕ್ತಿ ನನಗಿಲ್ಲ. ಆದರೆ ಮೇಲಿನ ಕೆರೆ ಇನ್ನೂ ಇದೆ. ಅದರ ಅಂಗಳದಲ್ಲಿ ಕಳೆದ ವರ್ಷ ಯಾರೋ ಕಲ್ಲು ನೆಡಲು ಬಂದಾಗ ನಮ್ಮ ಬೀದಿಯ ನಾಲ್ಕಾರು ನಿವೃತ್ತರು ಆ ಊರಿನವರೊಡನೆ ಸೇರಿ ಹಳೆಯ ನಕ್ಷೆ ಹಿಡಿದು ಕಚೇರಿಗೆ ಹೋದೆವು. ಅಳತೆಯಾಗುತ್ತದೆಂದು ಹೇಳಿದ್ದಾರೆ. ಇನ್ನೂ ಆಗಿಲ್ಲ. ನಾವು ತಿಂಗಳಿಗೊಮ್ಮೆ ಹೋಗಿ ಬರುತ್ತಿದ್ದೇವೆ.

ಕೊನೆಯದಾಗಿ, ಗದಗಿನ ಆ ಹಳೆಯ ವಿದ್ಯಾರ್ಥಿ. ಆತ ಈಗ ಎಲ್ಲಿದ್ದಾನೋ ತಿಳಿಯದು. ಐವತ್ತು ದಾಟಿರಬೇಕು. ಬಾನುಲಿಯ ದನಿ ಎಲ್ಲಿಗೆಲ್ಲ ತಲುಪುತ್ತದೆಂದು ಹೇಳಲಾಗದು. ಒಂದು ವೇಳೆ ಈ ಮಾತು ಆತನ ಕಿವಿಗೆ ಬಿದ್ದರೆ, ಅಂದು ಕೇಳಿದ ಪ್ರಶ್ನೆಗೆ ಇಂದು ಉತ್ತರ ಹೇಳುತ್ತಿದ್ದೇನೆ. ಹೌದಪ್ಪ, ನಿಮ್ಮೂರ ಕೆರೆಗೆ ಬರುವುದು ಅದೇ ಹಕ್ಕಿ. ತಡವಾಯಿತು, ಕ್ಷಮಿಸು.



(ಬಾನುಲಿ ಭಾಷಣ)